ಬ್ಯಾಂಕ್ ನೌಕರರ ಕೆಲಸದ ವೇಳೆ ಮತ್ತು ಮಾನಸಿಕ ಒತ್ತಡ: ಮನೆಯವರೂ ತಿಳಿದಿರಬೇಕಾದ ಮಾಹಿತಿ



ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ಬ್ಯಾಂಕಿನ ಕೆಲಸದಲ್ಲಿರುವವರು ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ಇದಕ್ಕೆ ಕಾರಣವಿದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿಕೊಂಡವು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆದರೆ ಈ ಬ್ಯಾಂಕುಗಳೊಂದಿಗಿನ ನಂಟು ಕಡಿಯಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದ ಹುಡುಗನಿಗೆ "ಬ್ಯಾಂಕಿಗೆ ಬರೆ ಮಾರಾಯ" ಎಂದು ಹೇಳುವ ಕಾಲ ಒಂದಿತ್ತು.

ಹಿರಿಯರ ಮನಸ್ಸಿನಲ್ಲಿ ಬ್ಯಾಂಕಿನ ಕೆಲಸವೆಂದರೆ ಈಗಲೂ ಅದೇ ಚಿತ್ರ. ಹತ್ತಕ್ಕೆ ಹೋಗಿ ಐದಕ್ಕೆ ಬರುವುದು, ಶನಿವಾರ ಅರ್ಧ ದಿನ, ಭಾನುವಾರ ತೋಟದ ಕೆಲಸ. ಹಾಗಾಗಿ ಮಗ ಅಥವಾ ಸೊಸೆ ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದು, ಊಟದ ತಟ್ಟೆಯ ಪಕ್ಕದಲ್ಲಿಯೂ ಫೋನ್ ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ ಸಿಡುಕುವುದನ್ನು ಕಂಡಾಗ ಅವರಿಗೆ ಅರ್ಥವಾಗುವುದಿಲ್ಲ. "ಬ್ಯಾಂಕಿನಲ್ಲಿ ಅಂಥ ಕೆಲಸ ಏನು?" ಎಂಬ ಪ್ರಶ್ನೆ ಸಂಘದ ಕಚೇರಿಯಲ್ಲಿ ನನಗೆ ಹಲವು ಬಾರಿ ಎದುರಾಗಿದೆ. 1980ರ ದಶಕದಲ್ಲಿ ಗುಮಾಸ್ತನಾಗಿ ಸೇರಿ ನಿವೃತ್ತನಾದವನು ನಾನು. ಆದುದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ಒಟ್ಟು ಮಾಡಿ ಕೊಟ್ಟಿದ್ದೇನೆ.

ನಿಯಮದಲ್ಲಿ ಏನಿದೆ?

ಬ್ಯಾಂಕ್ ನೌಕರರ ವೇತನ ಮತ್ತು ಕೆಲಸದ ವೇಳೆಯನ್ನು ಮೊದಲು ಕ್ರಮಕ್ಕೆ ತಂದದ್ದು 1953ರ ಶಾಸ್ತ್ರಿ ತೀರ್ಪು ಮತ್ತು 1962ರ ದೇಸಾಯಿ ತೀರ್ಪು. ಆ ಬಳಿಕ 1966ರ ಅಕ್ಟೋಬರ್ 19ರಂದು ಆಡಳಿತ ವರ್ಗ ಮತ್ತು ನೌಕರರ ಸಂಘಟನೆಗಳ ನಡುವೆ ಮೊದಲ ದ್ವಿಪಕ್ಷೀಯ ಒಪ್ಪಂದವಾಯಿತು. ಅಂದಿನಿಂದ ಇದೇ ಪದ್ಧತಿ ನಡೆದುಬಂದಿದೆ. ಹನ್ನೆರಡನೆಯ ಒಪ್ಪಂದಕ್ಕೆ 2024ರ ಮಾರ್ಚ್ 8ರಂದು ಸಹಿ ಬಿತ್ತು.

ಇದರ ಪ್ರಕಾರ ಗುಮಾಸ್ತರ ದಿನದ ಕೆಲಸ, ಊಟದ ಅರ್ಧ ಗಂಟೆ ಬಿಟ್ಟು, ಆರೂವರೆ ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರೆ ಓವರ್‌ಟೈಮ್ ಭತ್ಯೆ ಕೊಡಬೇಕು. ಕೈಗಾರಿಕಾ ವಿವಾದಗಳ ಕಾನೂನು ಗುಮಾಸ್ತರನ್ನು ಕಾರ್ಮಿಕರೆಂದು ಪರಿಗಣಿಸುತ್ತಿದ್ದುದರಿಂದ ಅವರ ಅಹವಾಲಿಗೆ ಒಂದು ದಾರಿ ಇತ್ತು.

ಅಧಿಕಾರಿಗಳ ಮಾತು ಬೇರೆ. ಅವರಿಗೆ ಓವರ್‌ಟೈಮ್ ಇಲ್ಲ. ಸೇವಾ ನಿಯಮದ ಅರ್ಥವೇ ಅಧಿಕಾರಿಯ ಪೂರ್ಣ ಸಮಯ ಬ್ಯಾಂಕಿಗೆ ಮೀಸಲು ಎಂದು. ಕೆಲಸ ಮುಗಿಯಲೇಬೇಕಾದ ಗಂಟೆ ಅಲ್ಲಿ ಬರೆದಿಲ್ಲ. ಆ ನಿಯಮ ಮಾಡಿದ ಕಾಲದಲ್ಲಿ ಒಂದು ಶಾಖೆಯಲ್ಲಿ ಇಬ್ಬರೋ ಮೂವರೋ ಅಧಿಕಾರಿಗಳು, ಉಳಿದವರೆಲ್ಲ ಗುಮಾಸ್ತರು ಮತ್ತು ಅಟೆಂಡರ್‌ಗಳು. ಹಾಗಾಗಿ ಹೆಚ್ಚಿನವರು ಗಂಟೆಯ ಲೆಕ್ಕದ ರಕ್ಷಣೆಯೊಳಗಿದ್ದರು. ಈಗ ದೇಶದ ಬ್ಯಾಂಕುಗಳಲ್ಲಿ ಗುಮಾಸ್ತರಿಗಿಂತ ಅಧಿಕಾರಿಗಳ ಸಂಖ್ಯೆಯೇ ಹೆಚ್ಚು. ಹೆಸರಿಗೆ ಎಲ್ಲರಿಗೂ ಬಡ್ತಿ ಸಿಕ್ಕಿದಂತೆ ಕಾಣುತ್ತದೆ. ನಿಜವಾಗಿ ಆದದ್ದೇನೆಂದರೆ, ಕೆಲಸಕ್ಕೆ ಗಂಟೆಯ ಮಿತಿ ಇದ್ದವರ ಜಾಗಕ್ಕೆ ಮಿತಿ ಇಲ್ಲದವರು ಬಂದರು. ಬ್ಯಾಂಕಿನ ಒತ್ತಡದ ಬಗ್ಗೆ ಮಾತನಾಡುವವರು ಈ ಒಂದು ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲು ಹೇಳಬೇಕಾದದ್ದು ಇದೇ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಆರೂವರೆ ಗಂಟೆಯಂತೆ ಗುಮಾಸ್ತರಿಗೆ ಐದು ದಿನದ ವಾರದಲ್ಲಿ 32 ಗಂಟೆ 30 ನಿಮಿಷ, ಶನಿವಾರವೂ ಕೆಲಸವಿರುವ ವಾರದಲ್ಲಿ 39 ಗಂಟೆ ಆಗುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಒಳಗೆ ಹೋಗಿ ರಾತ್ರಿ ಎಂಟೂವರೆಗೆ ಹೊರಗೆ ಬರುವ ಅಧಿಕಾರಿಗೆ, ಊಟದ ಅರ್ಧ ಗಂಟೆ ಕಳೆದರೂ, ಅದೇ ವಾರಗಳಲ್ಲಿ 52 ಗಂಟೆ 30 ನಿಮಿಷ ಮತ್ತು 63 ಗಂಟೆ. ಇದರಲ್ಲಿ ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಹೊತ್ತು ಸೇರಿಲ್ಲ, ಭಾನುವಾರದ ಸಾಲ ವಸೂಲಿ ಓಡಾಟವೂ ಸೇರಿಲ್ಲ.

ಹಿಂದೆ ಒತ್ತಡ ಇರಲಿಲ್ಲವೇ?

ಇತ್ತು. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಕಾಲದಲ್ಲಿ ಎಲ್ಲವೂ ಸುಖವಾಗಿತ್ತು ಎನ್ನುವ ನಿವೃತ್ತರ ಮಾತನ್ನು ಪೂರ್ತಿ ನಂಬಬೇಡಿ.

ಕೈಬರಹದ ಲೆಡ್ಜರ್ ಕಾಲದಲ್ಲಿ ಉಳಿತಾಯ ಖಾತೆಗೆ ಅರ್ಧ ವರ್ಷಕ್ಕೊಮ್ಮೆ ಬಡ್ಡಿ ಹಾಕುತ್ತಿದ್ದೆವು. ಪ್ರತಿ ತಿಂಗಳು 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತ ಯಾವುದೆಂದು ಪುಟ ಪುಟ ನೋಡಿ ಗುರುತು ಹಾಕಬೇಕು, ಆರು ತಿಂಗಳದ್ದನ್ನು ಕೂಡಬೇಕು, ಬಡ್ಡಿ ಕಟ್ಟಬೇಕು. (ದಿನದ ಬಾಕಿಯ ಮೇಲೆ ಬಡ್ಡಿ ಬಂದದ್ದು 2010ರ ಏಪ್ರಿಲ್ 1ರಿಂದ.) ಎರಡು ಸಾವಿರ ಖಾತೆ ಇರುವ ಶಾಖೆಯಲ್ಲಿ ಈ ಕೆಲಸಕ್ಕೆ ರಾತ್ರಿಗಳು ಸಾಲುತ್ತಿರಲಿಲ್ಲ. ಆಮೇಲೆ ಬ್ಯಾಲೆನ್ಸ್ ತಾಳೆ ನೋಡುವುದು. ಹತ್ತು ಪೈಸೆ ವ್ಯತ್ಯಾಸ ಬಂದರೂ ಬಿಡುವಂತಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕೆ ಅದಲುಬದಲು ಬರೆದಿದ್ದಾರೆ, 54 ಇದ್ದಲ್ಲಿ 45 ಎಂದಾಗಿದೆ ಎಂಬ ಉಪಾಯವನ್ನು ಹಿರಿಯ ಗುಮಾಸ್ತರು ಹೇಳಿಕೊಡುತ್ತಿದ್ದರು. ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಕಿಸೆಯಿಂದ ತುಂಬಬೇಕು. ಇದು ಇಂದಿಗೂ ಹಾಗೆಯೇ ಇದೆ.

ಆದರೆ ಆ ಕೆಲಸಕ್ಕೆ ಒಂದು ಕೊನೆ ಇತ್ತು. ಲೆಕ್ಕ ತಾಳೆಯಾದರೆ ಲೆಡ್ಜರ್ ಮುಚ್ಚಿ, ಬೀಗ ಹಾಕಿ, ಮನೆಗೆ ಹೊರಟುಬಿಡುವುದು. ಮರುದಿನ ಬೆಳಿಗ್ಗೆಯವರೆಗೆ ಬ್ಯಾಂಕು ನಮ್ಮನ್ನು ಕರೆಯುತ್ತಿರಲಿಲ್ಲ, ಕರೆಯಲು ಮನೆಯಲ್ಲಿ ಫೋನೂ ಇರಲಿಲ್ಲ! ಇಂದಿನ ಕೆಲಸದಲ್ಲಿ ತಾಳೆಯಾಗುವಂಥದ್ದು ಏನೂ ಇಲ್ಲ. ದಿನದ ಲೆಕ್ಕವನ್ನು ಕಂಪ್ಯೂಟರ್ ತಾನೇ ಮುಗಿಸುತ್ತದೆ. ನೌಕರನ ತಲೆಯ ಮೇಲಿರುವುದು ಗುರಿ. ಇಂದಿನ ಗುರಿ ಮುಟ್ಟಿದರೆ ನಾಳೆ ಅದು ಇನ್ನೂ ಮೇಲಕ್ಕೆ ಹೋಗುತ್ತದೆ.

ಏನೇನು ಸೇರಿಕೊಂಡಿತು?

2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಸುಮಾರು 1 ಲಕ್ಷ ಮಂದಿ ಹೊರಗೆ ಹೋದರು. ನಂತರ ಕೆಲವು ವರ್ಷ ನೇಮಕಾತಿ ತೀರಾ ಕಡಿಮೆ. ಕಂಪ್ಯೂಟರ್ ಬಂದಿದೆಯಲ್ಲ, ಜನ ಯಾಕೆ ಎಂಬುದು ಆಗಿನ ವಾದ. ವಾದದಲ್ಲಿ ಸ್ವಲ್ಪ ಸತ್ಯವಿತ್ತು. ಆದರೆ ಉಳಿದ ಸಮಯದೊಳಗೆ ಬೇರೆ ಕೆಲಸಗಳು ಬಂದು ಕುಳಿತವು.

2014ರ ಆಗಸ್ಟ್ 28ರಂದು ಜನಧನ ಯೋಜನೆ ಆರಂಭವಾದ ಒಂದೇ ದಿನ ದೇಶದಲ್ಲಿ ಸುಮಾರು 1.5 ಕೋಟಿ ಖಾತೆ ತೆರೆಯಲಾಯಿತು. ಒಳ್ಳೆಯ ಯೋಜನೆ, ಬಡವರಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಆ ಖಾತೆಗಳ ಅರ್ಜಿ ತುಂಬಿಸಿದವರು, ದಾಖಲೆ ನೋಡಿದವರು ಇದ್ದ ನೌಕರರೇ. 2015ರಲ್ಲಿ ಮುದ್ರಾ ಸಾಲ, ಎರಡು ವಿಮಾ ಯೋಜನೆಗಳು, ಅಟಲ್ ಪಿಂಚಣಿ. ಆಧಾರ್ ಜೋಡಣೆ, ಕೆವೈಸಿ ನವೀಕರಣ. ಪ್ರತಿಯೊಂದಕ್ಕೂ ಶಾಖೆಗೊಂದು ಸಂಖ್ಯೆ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದದ್ದು ಎಲ್ಲರಿಗೂ ನೆನಪಿದೆ. ನೆನಪಿರುವುದು ಸಾಲಿನಲ್ಲಿ ನಿಂತದ್ದು. ಕೌಂಟರಿನ ಒಳಗಿನ ಬದಿ ಹೇಗಿತ್ತು ಎಂಬುದನ್ನು ಅಷ್ಟಾಗಿ ಯಾರೂ ಬರೆದಿಲ್ಲ. 12 ಮತ್ತು 13ನೇ ತಾರೀಕು ಶನಿವಾರ, ಭಾನುವಾರವೂ ಬ್ಯಾಂಕ್ ತೆರೆದಿತ್ತು. ಬದಲಾವಣೆಯ ಮಿತಿ ಮೊದಲು 4000, ಮತ್ತೆ 4500, ಕೆಲವೇ ದಿನಗಳಲ್ಲಿ 2000, ಬಳಿಕ ಬದಲಾವಣೆಯೇ ಬಂದ್. ನಿಯಮ ಬದಲಾದದ್ದು ದೆಹಲಿಯಲ್ಲಿ, ಬೈಗುಳ ತಿಂದದ್ದು ಕೌಂಟರಿನಲ್ಲಿದ್ದ ಹುಡುಗಿ. ಡಿಸೆಂಬರ್ 30ರವರೆಗೆ ಇದು ನಡೆಯಿತು. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯೊಳಗಿದ್ದಾಗ ಬ್ಯಾಂಕು ಅಗತ್ಯ ಸೇವೆಯೆಂದು ತೆರೆದೇ ಇತ್ತು.

ಇದರ ಮೇಲೆ ವಿಲೀನ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ನಮ್ಮ ಊರಿನವರಿಗೆ ಇದು ಬರೇ ಬೋರ್ಡ್ ಬದಲಾವಣೆಯಲ್ಲ. ಐವತ್ತು ದಾಟಿದ ನೌಕರರು ಹೊಸ ತಂತ್ರಾಂಶ ಕಲಿಯಬೇಕಾಯಿತು, ಗ್ರಾಹಕರ ಚೆಕ್ಕುಪುಸ್ತಕ, ಐಎಫ್‌ಎಸ್‌ಸಿ ಸಂಖ್ಯೆ ಬದಲಾಯಿತು, ಒಂದೇ ಪೇಟೆಯಲ್ಲಿದ್ದ ಎರಡು ಶಾಖೆ ಒಂದಾದಲ್ಲಿ ಸೀನಿಯಾರಿಟಿಯ ಪ್ರಶ್ನೆ ಎದ್ದಿತು. ಇಪ್ಪತ್ತೈದು ವರ್ಷ ತನ್ನದೆಂದು ದುಡಿದ ಬ್ಯಾಂಕಿನ ಹೆಸರೇ ಇಲ್ಲವಾದಾಗ ಆಗುವ ನೋವನ್ನು ಒತ್ತಡದ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ.

ಗುರಿಯ ವಿಷಯ

ಠೇವಣಿ ಮತ್ತು ಸಾಲದ ಗುರಿ ಮೊದಲಿನಿಂದಲೂ ಇತ್ತು. 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದವರೂ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದವರೇ. ಈಗಿನ ಗುರಿ ಬೇರೆ ತರಹದ್ದು. ವಿಮಾ ಪಾಲಿಸಿ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್, ಫಾಸ್ಟ್‌ಟ್ಯಾಗ್. ಇವನ್ನು ಮಾರುವುದು ಬ್ಯಾಂಕಿನ ಕಮಿಷನ್ ಆದಾಯಕ್ಕಾಗಿ. "ಲಾಗಿನ್ ಡೇ" ಎಂದು ಒಂದು ದಿನ ನಿಗದಿ ಮಾಡಿ, ಆ ದಿನ ಪ್ರತಿ ಶಾಖೆ ಇಷ್ಟು ಪಾಲಿಸಿ ಮಾಡಲೇಬೇಕು ಎನ್ನುತ್ತಾರೆ. ಗಂಟೆಗೊಮ್ಮೆ ವಾಟ್ಸಾಪ್ ಗುಂಪಿನಲ್ಲಿ ಶಾಖೆಗಳ ಪಟ್ಟಿ ಬರುತ್ತದೆ, ಸೊನ್ನೆ ಸಾಧಿಸಿದವರ ಹೆಸರು ಕೆಂಪು ಬಣ್ಣದಲ್ಲಿ. ಗ್ರಾಹಕರೆಲ್ಲ ಹೋದ ಮೇಲೆ, ಸಂಜೆ ಆರರ ಬಳಿಕ ವಿಡಿಯೋ ಸಭೆ. ಅದರಲ್ಲಿ ನೂರಾರು ಮಂದಿಯ ಎದುರು ಮ್ಯಾನೇಜರನ್ನು ಹೆಸರು ಹಿಡಿದು ಕೇಳುವುದು. 2023ರ ಜೂನ್‌ನಲ್ಲಿ ಖಾಸಗಿ ಬ್ಯಾಂಕೊಂದರ ಹಿರಿಯ ಅಧಿಕಾರಿ ಇಂಥದೇ ಸಭೆಯಲ್ಲಿ ಕೈಕೆಳಗಿನವರನ್ನು ಗದರುವ ವಿಡಿಯೋ ದೇಶವೆಲ್ಲ ಹರಡಿ, ಬ್ಯಾಂಕು ಅವರನ್ನು ಅಮಾನತು ಮಾಡಿತು. ಹೊರಗಿನವರು ಬೆಚ್ಚಿಬಿದ್ದರು. ಬ್ಯಾಂಕಿನವರಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ.

ಗುರಿಗಾಗಿ ಮಾರಿದ್ದು ಕೊನೆಗೆ ಗ್ರಾಹಕರ ತಲೆಗೇ ಬರುತ್ತದೆ. ಚಿನ್ನದ ಸಾಲಕ್ಕೆ ಬಂದ ಕೃಷಿಕನಿಗೆ ಬೇಡದ ಪಾಲಿಸಿ ಕಟ್ಟುವುದು ಕೆಲವು ಕಡೆ ನಡೆಯುತ್ತದೆ. ಹೀಗೆ ವಿಮೆ ಮಾರುವುದರಿಂದ ಜನರ ಸಾಲದ ವೆಚ್ಚ ಹೆಚ್ಚುತ್ತದೆ ಎಂದು 2024ರಲ್ಲಿ ಕೇಂದ್ರ ಹಣಕಾಸು ಸಚಿವೆಯೇ ಹೇಳಿದ್ದಾರೆ. ತನ್ನ ಊರಿನ ಪರಿಚಯದವರಿಗೆ ಬೇಡದ್ದನ್ನು ಮಾರಬೇಕಾದ ನೌಕರನ ಮನಸ್ಸು ಏನಾಗುತ್ತದೆಂದು ಯೋಚಿಸಿ. ಮದುವೆ ಮನೆಯಲ್ಲಿ ನೆಂಟರು ಅವನನ್ನು ಕಂಡು ದೂರ ಸರಿಯುತ್ತಾರೆ; ಪಾಲಿಸಿ ಕೇಳುತ್ತಾನೆಂಬ ಹೆದರಿಕೆ.

ಸಾಲದ ಕಡೆ ಇನ್ನೊಂದು ಭಯ. ಸಾಲ ಕೊಡದಿದ್ದರೆ ಗುರಿ ತಪ್ಪಿತೆಂದು ಪ್ರಶ್ನೆ. ಕೊಟ್ಟ ಸಾಲ 90 ದಿನ ಬಾಕಿಯಾಗಿ ಕೆಟ್ಟರೆ, ಮಂಜೂರು ಮಾಡಿದವರು ಯಾರು ಎಂದು ಪ್ರಶ್ನೆ. ವರ್ಗವಾಗಿ ಹೋದ ಮೇಲೂ, ನಿವೃತ್ತಿಗೆ ತಿಂಗಳು ಉಳಿದಿರುವಾಗಲೂ ಹಳೆಯ ಸಾಲದ ವಿವರಣೆ ಕೇಳಿ ಪತ್ರ ಬರಬಹುದು. ಪ್ರಾಮಾಣಿಕವಾಗಿ ನಿರ್ಧಾರ ಮಾಡಿದವರಿಗೆ ರಕ್ಷಣೆ ಇರಬೇಕೆಂದು 50 ಕೋಟಿ ರೂಪಾಯಿವರೆಗಿನ ಸಾಲಗಳ ಬಗ್ಗೆ ಹಣಕಾಸು ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿ, 2022ರ ಏಪ್ರಿಲ್ 1ರಿಂದ ಕೆಟ್ಟ ಸಾಲಗಳಿಗೆ ಅದನ್ನು ಅನ್ವಯಿಸಿದೆ. ಇಂಥ ಪತ್ರ ಬಂದವರು ಈ ಮಾರ್ಗಸೂಚಿಯನ್ನು ಓದಿಕೊಂಡು, ಸಂಘಟನೆಯವರಲ್ಲಿ ಕೇಳಿ ಉತ್ತರಿಸುವುದು ಒಳ್ಳೆಯದು. ಹೆದರಿ ಅದೇ ರಾತ್ರಿ ಬರೆದು ಕಳುಹಿಸಬೇಡಿ.

ಗಡಿನಾಡಿನ ತೊಂದರೆ

ನಮ್ಮಲ್ಲಿ ಭಾಷೆಯ ಪ್ರಶ್ನೆ ಎರಡೂ ಕಡೆಯಿಂದ ಬರುತ್ತದೆ. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಶಾಖೆಗೆ ಬರುವ ಹಿರಿಯರು ಕನ್ನಡ, ತುಳು, ಮಲಯಾಳ ಮಾತನಾಡುತ್ತಾರೆ. ಕೌಂಟರಿನಲ್ಲಿ ಉತ್ತರ ಭಾರತದಿಂದ ಹೊಸದಾಗಿ ಬಂದ ಅಧಿಕಾರಿ. ಅವರಿಗೆ ಮೂರೂ ಬಾರದು. ಅಜ್ಜಿ ಹೇಳಿದ್ದು ಅವರಿಗೆ ತಿಳಿಯದು, ಅವರು ಹೇಳಿದ್ದು ಅಜ್ಜಿಗೆ ತಿಳಿಯದು. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ, ಹಿಂದೆ ನಿಂತವರ ಗೊಣಗಾಟ. ಕೊನೆಗೆ ಭಾಷೆ ಬಲ್ಲ ಒಬ್ಬನೇ ಗುಮಾಸ್ತ ತನ್ನ ಕೆಲಸ ಬಿಟ್ಟು ಎಲ್ಲರಿಗೂ ದುಭಾಷಿಯಾಗುತ್ತಾನೆ. ಅವನ ಸ್ವಂತ ಕೆಲಸ ಸಂಜೆ ಆರರ ನಂತರ ಶುರು. ಗಡಿ ಪ್ರದೇಶದ ಶಾಖೆಗಳಿಗೆ ಸ್ಥಳೀಯ ಭಾಷೆ ಬಲ್ಲವರನ್ನು ಕೊಡಿ ಎಂದು ನಾವು ಕೇಳುವುದು ಕನ್ನಡದ ಅಭಿಮಾನದಿಂದ ಮಾತ್ರವಲ್ಲ, ನೌಕರರ ಗಂಟೆ ಉಳಿಸಲಿಕ್ಕೂ ಹೌದು.

ಇದೇ ರೀತಿ ನಮ್ಮ ಮಕ್ಕಳು ಬಿಹಾರ, ಉತ್ತರ ಪ್ರದೇಶದ ಹಳ್ಳಿಯ ಶಾಖೆಗಳಲ್ಲಿದ್ದಾರೆ. ಅಲ್ಲಿ ಅವರೇ ಪರಕೀಯರು. ಅಧಿಕಾರಿಯಾದರೆ ದೇಶದ ಎಲ್ಲಿಗೂ ವರ್ಗವಾಗಬಹುದು. ವಯಸ್ಸಾದ ತಂದೆತಾಯಿ, ಶಾಲೆಗೆ ಹೋಗುವ ಮಕ್ಕಳು ಇಲ್ಲಿ, ದುಡಿಯುವವರು ಅಲ್ಲಿ. ಇದಕ್ಕೆ ಹೆದರಿ ಬಡ್ತಿಯೇ ಬೇಡವೆಂದು ಗುಮಾಸ್ತರಾಗಿ ಉಳಿದವರು ನನ್ನ ಜೊತೆಯವರಲ್ಲಿ ಹಲವರು. ಅವರನ್ನು ಮಹತ್ವಾಕಾಂಕ್ಷೆ ಇಲ್ಲದವರೆಂದು ಹೀಯಾಳಿಸುವುದು ಸರಿಯಲ್ಲ.

ದೇಹಕ್ಕೆ ಆಗುವುದೇನು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ, ಹೃದ್ರೋಗದಿಂದ ಸಾಯುವ ಅಪಾಯ ಸುಮಾರು 17 ಶೇಕಡಾ ಹೆಚ್ಚು ಎಂದು ಅದರಲ್ಲಿದೆ. 2016ರಲ್ಲಿ ಜಗತ್ತಿನಾದ್ಯಂತ 7 ಲಕ್ಷ 45 ಸಾವಿರ ಸಾವುಗಳಿಗೆ ದೀರ್ಘ ದುಡಿಮೆ ಕಾರಣವೆಂಬುದು ಅವರ ಅಂದಾಜು. ಮೇಲೆ ಹಾಕಿದ ಲೆಕ್ಕವನ್ನು ಈ 55ರ ಪಕ್ಕದಲ್ಲಿ ಇಟ್ಟು ನೋಡಿ. ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಿರಿ ಎಂದು ದೊಡ್ಡ ಕಂಪನಿಗಳ ಮುಖ್ಯಸ್ಥರು ಉಪದೇಶ ಮಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅವರಿಗೆ ಅನ್ನ ಬಡಿಸುವವರು, ಬಟ್ಟೆ ಒಗೆಯುವವರು ಬೇರೆ ಇದ್ದಾರೆ. ಬ್ಯಾಂಕಿನಿಂದ ಬಂದ ಹೆಣ್ಣುಮಗಳಿಗೆ ಮನೆಯಲ್ಲಿ ಇನ್ನೊಂದು ಡ್ಯೂಟಿ ಕಾದಿರುತ್ತದೆ.

ಮನೆಯವರು ಗಮನಿಸಬೇಕಾದ ಲಕ್ಷಣಗಳು ದೊಡ್ಡದಾಗಿ ಕಾಣುವಂಥವಲ್ಲ. ನಿದ್ದೆ ಬರುವುದಿಲ್ಲ, ಬಂದರೂ ಮೂರು ಗಂಟೆಗೆ ಎಚ್ಚರ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುವುದು. ಊಟ ತಪ್ಪಿ ತಪ್ಪಿ ಹೊಟ್ಟೆ ಉರಿ. ಮೂವತ್ತೈದು ವಯಸ್ಸಿಗೇ ರಕ್ತದೊತ್ತಡ. ಮೊದಲು ಇಷ್ಟವಿದ್ದ ಯಕ್ಷಗಾನ, ಭಜನೆ, ಕ್ರಿಕೆಟ್ ಯಾವುದೂ ಬೇಡವಾಗುವುದು. ಫೋನ್ ಶಬ್ದವಾದರೆ ಬೆಚ್ಚುವುದು. "ಇನ್ನು ಸಾಕು" ಎಂಬ ಮಾತು ಮತ್ತೆ ಮತ್ತೆ ಬಂದರೆ ಅದನ್ನು ತಮಾಷೆಯೆಂದು ಬಿಡಬೇಡಿ, ಒಬ್ಬರನ್ನೇ ಬಿಡಲೂ ಬೇಡಿ.

ಐದು ದಿನದ ವಾರ ಎಲ್ಲಿಗೆ ಬಂತು?

2015ರ ಸೆಪ್ಟೆಂಬರ್ 1ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ದಿನ ಕೆಲಸ. ಎಲ್ಲ ಶನಿವಾರ ರಜೆ ಕೊಟ್ಟು, ಬದಲಿಗೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 40 ನಿಮಿಷ ಹೆಚ್ಚು ಕೆಲಸ ಮಾಡುವ ಪ್ರಸ್ತಾವವನ್ನು 2024ರ ಒಪ್ಪಂದದ ವೇಳೆ ಎರಡೂ ಕಡೆಯವರು ಒಪ್ಪಿ ಕೇಂದ್ರ ಸರ್ಕಾರಕ್ಕೆ ಕಳುಹಿಸಿದರು. ರಿಸರ್ವ್ ಬ್ಯಾಂಕಿನಲ್ಲಿ ಐದೇ ದಿನ. ಎಲ್‌ಐಸಿಗೆ 2021ರ ಮೇ ತಿಂಗಳಿನಿಂದ ಶನಿವಾರ ರಜೆ. ಈ ಬೇಡಿಕೆ ನ್ಯಾಯವಾದದ್ದೇ. ಆದರೆ ಅಧಿಕಾರಿಯ ಸಂಜೆಗೆ ಮಿತಿ ಹಾಕದೆ ಶನಿವಾರ ಮಾತ್ರ ಕೊಟ್ಟರೆ, ಆ ಶನಿವಾರವೇ "ವಸೂಲಿ ಶಿಬಿರ"ವಾಗುವ ಸಾಧ್ಯತೆ ಇದೆ ಎಂಬುದು ನನ್ನ ಅನುಮಾನ.

ಈಗಲೇ ಸಿಗುವ ಸೌಲಭ್ಯಗಳು

ಹನ್ನೊಂದು ದಿನದ ಸೇವೆಗೆ ಒಂದು ದಿನದಂತೆ ಪ್ರಿವಿಲೇಜ್ ರಜೆ ಜಮೆಯಾಗುತ್ತದೆ. ಅದನ್ನು ನಗದು ಮಾಡಿಕೊಳ್ಳಲೆಂದೇ ಕೂಡಿಡುವವರು ನಮ್ಮಲ್ಲಿ ಜಾಸ್ತಿ. ವರ್ಷಕ್ಕೆ ಒಂದು ವಾರವಾದರೂ ರಜೆಯನ್ನು ರಜೆಯಾಗಿಯೇ ಬಳಸಿ. ರಜೆ ಅರ್ಜಿಯನ್ನು ಬಾಯಿಮಾತಿನಲ್ಲಿ ಕೇಳದೆ ವ್ಯವಸ್ಥೆಯಲ್ಲಿ ಹಾಕಿ. ನಿರಾಕರಿಸಿದರೆ ಅದಕ್ಕೂ ದಾಖಲೆ ಇರುತ್ತದೆ. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ, ಮುನ್ಸೂಚನೆ ಇಲ್ಲದೆ, ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕಿನ 2021ರ ಸುತ್ತೋಲೆ ಹೇಳುತ್ತದೆ. ಉದ್ದೇಶ ವಂಚನೆ ಪತ್ತೆ. ಆದರೂ ರಜೆ ರಜೆಯೇ, ಆ ದಿನಗಳಲ್ಲಿ ಬ್ಯಾಂಕಿನ ಕೆಲಸ ಮಾಡಿಸುವಂತಿಲ್ಲ. ಮಹಿಳಾ ನೌಕರರು ತಿಂಗಳಿಗೆ ಒಂದು ದಿನ ವೈದ್ಯರ ಪ್ರಮಾಣಪತ್ರವಿಲ್ಲದೆ ಸಿಕ್ ಲೀವ್ ಪಡೆಯಲು ಹನ್ನೆರಡನೆಯ ಒಪ್ಪಂದದಲ್ಲಿ ಅವಕಾಶವಿದೆ. ಇದು ಗೊತ್ತಿಲ್ಲದವರು ಇದ್ದಾರೆ.

ಗ್ರಾಹಕರಾದ ನಮ್ಮಿಂದಲೂ ಸ್ವಲ್ಪ ಆಗಬೇಕು. ಪಿಂಚಣಿದಾರರು ನವೆಂಬರಿನಲ್ಲಿ ಬದುಕಿರುವ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನಲ್ಲಿ ಸಾಲು ನಿಲ್ಲಬೇಕಾಗಿಲ್ಲ, ಜೀವನ್ ಪ್ರಮಾಣ್ ಮೂಲಕ ಮೊಬೈಲಿನಲ್ಲೇ ಕೊಡಬಹುದು. 70 ದಾಟಿದವರಿಗೆ ಮನೆಬಾಗಿಲ ಸೇವೆ ಕೊಡಲು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಪಾಸ್‌ಬುಕ್ ಎಂಟ್ರಿಗೆ ಒಂದನೇ ತಾರೀಕೇ ಆಗಬೇಕೆಂದಿಲ್ಲ.

ಮನಸ್ಸಿನ ತೊಂದರೆಗೆ ಉಚಿತ ದೂರವಾಣಿ ಸೇವೆ ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲು ರಾತ್ರಿ ಇದೆ. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕರೆ ಮಾಡಿದಾಗ ಭಾಷೆ ಆರಿಸುವ ಅವಕಾಶವಿದೆ. ಕಾಸರಗೋಡಿನಿಂದ ಕರೆ ಮಾಡುವವರು ಕನ್ನಡ ಬೇಕಿದ್ದರೆ ಅದನ್ನೇ ಕೇಳಿ. ಬೇರೆ ರಾಜ್ಯದಲ್ಲಿ ಒಬ್ಬರೇ ಇರುವ ಮಕ್ಕಳ ಫೋನಿನಲ್ಲಿ ಈ ಸಂಖ್ಯೆ ಇದೆಯೇ ಎಂದು ಇವತ್ತೇ ವಿಚಾರಿಸಿ.